ನಿಮ್ಮ ಕಂಟಕವನ್ನು ಮೀನಿನ ತಲೆಗೆ ಕಟ್ಟಬೇಡಿ

ನಮಸ್ಕಾರ. ಮನೆಯಲ್ಲಿ ಅಕ್ವೇರಿಯಂ ಇಟ್ಟವರಿಗೆ ಈ ಮಾತು ಗೊತ್ತೇ ಇರುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಒಂದು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿರುತ್ತದೆ. ಮಕ್ಕಳು ಅಳೋಕೆ ಶುರು ಮಾಡುತ್ತವೆ. ಆಗ ಅಜ್ಜಿಯೋ ಅತ್ತೆಯೋ ಬಂದು ಸಮಾಧಾನ ಹೇಳುತ್ತಾರೆ: "ಅಳಬೇಡ ಪುಟ್ಟಾ, ನಮ್ಮ ಮನೆಗೆ ಏನೋ ಕಂಟಕ ಬರೋದಿತ್ತು. ಪಾಪ, ಅದನ್ನ ಮೀನು ತನ್ನ ಮೇಲೆ ಹಾಕ್ಕೊಂಡು ಹೋಯ್ತು." ಸಂಜೆ ಅಂಗಡಿಗೆ ಹೋಗಿ ಇನ್ನೊಂದು ಮೀನು ತರುತ್ತಾರೆ. ಮುಂದಿನ ಕಂಟಕಕ್ಕೆ ರೆಡಿ.

ನನ್ನ ಪ್ರಕಾರ ಮನೆಯ ಮೀನುಗಳಿಗೆ ಅತಿ ದೊಡ್ಡ ಶತ್ರು ಈ ಸಮಾಧಾನದ ಮಾತು. ಯಾಕಂದ್ರೆ ಇದು ವಿಚಾರಣೆಯನ್ನೇ ಮುಗಿಸಿಬಿಡುತ್ತದೆ. ನಾಯಿ ಸತ್ತರೆ ಏನಾಯ್ತು ಅಂತ ಡಾಕ್ಟರನ್ನು ಕೇಳುತ್ತೇವೆ. ಹಸು ಹಾಲು ಕಡಿಮೆ ಕೊಟ್ಟರೆ ಮೇವು ನೋಡುತ್ತೇವೆ. ಮೀನು ಸತ್ತರೆ ಮಾತ್ರ ದೃಷ್ಟಿ, ಗ್ರಹಚಾರ. ನಂಬುವವರು ನಂಬಲಿ, ನನ್ನ ತಕರಾರು ದೇವರ ಜೊತೆ ಇಲ್ಲ. ಆದರೆ ಲೆಕ್ಕ ಹಾಕಿ. ತಿಂಗಳಿಗೆ ನಾಲ್ಕು ಮೀನು ಸಾಯುವ ಮನೆಗೆ ತಿಂಗಳಿಗೆ ನಾಲ್ಕು ಕಂಟಕ ಬರುತ್ತಿವೆ ಅಂತಾಯ್ತು. ಹಾಗಿದ್ದರೆ ಮೀನು ತರೋದು ಬಿಟ್ಟು ಮೊದಲು ಆ ಮನೆ ಖಾಲಿ ಮಾಡಬೇಕು, ಅಲ್ವಾ?

ಈ ನಂಬಿಕೆಯ ಜೊತೆಗೇ ಒಂದು ಸಂಖ್ಯೆಯೂ ಬರುತ್ತದೆ. ಒಂಬತ್ತು ಮೀನು ಇಡಬೇಕು, ಎಂಟು ಬಂಗಾರದ ಬಣ್ಣದ್ದು, ಒಂದು ಕಪ್ಪು. ಇದು ಚೀನಾದ ಫೆಂಗ್ ಶೂಯಿ ಲೆಕ್ಕ, ನಮ್ಮಲ್ಲಿಗೆ ಬಂದು ವಾಸ್ತು ಜೊತೆ ಸಂಸಾರ ಹೂಡಿದೆ. ಸರಿ, ಈಗ ಟ್ಯಾಂಕ್ ಅಳೆಯೋಣ. ಹೆಚ್ಚಿನ ಮನೆಗಳಲ್ಲಿ ಇರುವುದು ಎರಡು ಅಡಿ ಟ್ಯಾಂಕ್. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಅಂಚಿನವರೆಗೆ ತುಂಬಿದರೆ ಸುಮಾರು 55 ಲೀಟರ್. ಕಲ್ಲು ಹಾಕಿ, ಮೇಲೆ ಸ್ವಲ್ಪ ಜಾಗ ಬಿಟ್ಟರೆ 45. ಒಂದು ಗೋಲ್ಡ್‌ಫಿಶ್ ನೆಮ್ಮದಿಯಾಗಿ ಇರಬೇಕಾದರೆ ಹೆಚ್ಚುಕಮ್ಮಿ 40 ಲೀಟರ್ ನೀರು ಬೇಕು. ಅಂದರೆ ಆ ಟ್ಯಾಂಕಿನಲ್ಲಿ ಒಂದು ಮೀನಿಗೆ ಜಾಗ. ನಾವು ಒಂಬತ್ತು ಬಿಡುತ್ತೇವೆ. ಬಿಟ್ಟು, ಕಪ್ಪು ಮೀನು ಮೊದಲು ಹೋಯ್ತು, ಭಾರಿ ಕಂಟಕವೇ ಇತ್ತು ಅನ್ಸುತ್ತೆ ಅಂತ ಮಾತಾಡಿಕೊಳ್ಳುತ್ತೇವೆ.

ಗೋಲ್ಡ್‌ಫಿಶ್ ಅಂದರೆ ಬೆರಳುದ್ದದ ಆಟಿಕೆ ಅಂದುಕೊಂಡವರೇ ಜಾಸ್ತಿ. ಅದು ಕಾರ್ಪ್ ಜಾತಿ. ನಮ್ಮ ಕೆರೆಯ ರೋಹು, ಕಾಟ್ಲಾ ಬಳಗ. ಜಾಗ ಸಿಕ್ಕರೆ ಒಂದಡಿ ಬೆಳೆಯುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬದುಕುವುದು ಸಾಮಾನ್ಯ. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯೊಂದರಲ್ಲಿ ಬಹುಮಾನವಾಗಿ ಬಂದ ಟಿಶ್ ಅನ್ನುವ ಗೋಲ್ಡ್‌ಫಿಶ್ 1999ರವರೆಗೆ ಬದುಕಿತ್ತು. 43 ವರ್ಷ! ಗಿನ್ನೆಸ್ ದಾಖಲೆ ಅದು. ನಮ್ಮಲ್ಲಿ ಮೂರು ತಿಂಗಳು ಉಳಿದರೆ "ಪರವಾಗಿಲ್ಲ, ಚೆನ್ನಾಗಿ ಬಾಳಿತು" ಅನ್ನುತ್ತಾರೆ.

ಇನ್ನು ಟ್ಯಾಂಕ್ ಈಶಾನ್ಯ ಮೂಲೆಯಲ್ಲೇ ಇರಬೇಕು ಅನ್ನುವವರಿಗೆ ಒಂದು ಮಾತು. ಇಡಿ, ಬೇಡ ಅನ್ನಲ್ಲ. ಆದರೆ ಆ ಮೂಲೆಯಲ್ಲಿ ಪೂರ್ವದ ಕಿಟಕಿ ಇದ್ದರೆ ಬೆಳಗಿನ ಬಿಸಿಲು ನೇರವಾಗಿ ಗಾಜಿಗೆ ಬೀಳುತ್ತದೆ. ಎರಡು ವಾರದಲ್ಲಿ ನೀರು ಪಾಚಿ ಕಟ್ಟುತ್ತದೆ. ಒಂದು ಪರದೆ ಹಾಕಿ. ವಾಸ್ತುವಿಗೂ ತೊಂದರೆ ಇಲ್ಲ, ಮೀನಿಗೂ ಇಲ್ಲ.

ಸರಿ, ಹಾಗಾದರೆ ಮೀನು ಸಾಯುವುದು ಯಾಕೆ? ಮನೆಯ ಟ್ಯಾಂಕಿನಲ್ಲಿ ಸಾಯುವ ಮೀನುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಅಮೋನಿಯಾ. ಮೀನು ತನ್ನ ದೇಹದ ಕೊಳೆಯನ್ನು ಬಹುಪಾಲು ಕಿವಿರಿನ ಮೂಲಕ ಅಮೋನಿಯಾ ಮಾಡಿ ನೀರಿಗೆ ಬಿಡುತ್ತದೆ. ಉಳಿದ ಆಹಾರ ಕೊಳೆತರೂ ಅದೇ. ಹಿಕ್ಕೆ ಕೊಳೆತರೂ ಅದೇ. ಹೊಳೆಯಲ್ಲಿ ಅದು ಹರಿದು ಹೋಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋಗಬೇಕು? ಅಲ್ಲೇ ಇರುತ್ತದೆ. ಮೀನಿನ ಕಿವಿರನ್ನು ಸುಡುತ್ತದೆ. ಅದಕ್ಕೆ ಬಣ್ಣ ಇಲ್ಲ. ಮೀನು ಸಾಯುವಷ್ಟು ಇದ್ದರೂ ನಮ್ಮ ಮೂಗಿಗೆ ವಾಸನೆ ಬರುವುದಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಒಬ್ಬ ಅಂಕಲ್ ಮನೆಗೆ ಹೋಗಿದ್ದೆ. "ಬಾರಪ್ಪಾ, ನೋಡು. ನೀರು ಹೇಗೆ ಫಳಫಳ ಅಂತಿದೆ. ಆದರೂ ವಾರದಲ್ಲಿ ಮೂರು ಮೀನು ಹೋಯ್ತು" ಅಂದರು. ನೀರು ನಿಜವಾಗಿಯೂ ಚೆನ್ನಾಗಿಯೇ ಕಾಣುತ್ತಿತ್ತು. ಟೆಸ್ಟ್ ಕಿಟ್ ಜೊತೆಗೆ ಒಯ್ದಿದ್ದೆ. ಸಣ್ಣ ಗಾಜಿನ ಕೊಳವೆಗೆ 5 ಎಂಎಲ್ ಟ್ಯಾಂಕಿನ ನೀರು, ಅದಕ್ಕೆ ಎರಡು ಬಾಟಲಿಯಿಂದ ಎಣಿಸಿ ಹನಿ ಹಾಕಿ, ಅಲ್ಲಾಡಿಸಿ, ಐದು ನಿಮಿಷ ಕಾಯಬೇಕು. ಹಳದಿಯಾಗಿಯೇ ಉಳಿದರೆ ಅಮೋನಿಯಾ ಇಲ್ಲ. ಅಂಕಲ್ ಕೊಳವೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಿದ್ದರು. ಮೊದಲು ಹಳದಿ, ಆಮೇಲೆ ತಿಳಿ ಹಸಿರು, ಕೊನೆಗೆ ಗಾಢ ಹಸಿರು. ಅವರು ಖುಷಿಯಾಗಿ "ಹಸಿರು ಒಳ್ಳೇದಲ್ವಾ?" ಅಂದರು. ಇಲ್ಲ ಅಂಕಲ್, ಸಿಗ್ನಲ್‌ನಲ್ಲಿ ಮಾತ್ರ ಒಳ್ಳೇದು.

ಫಳಫಳ ಹೊಳೆಯೋ ನೀರು ಅವರಿಗೆ ಹೇಗೆ ಸಿಕ್ಕಿತ್ತು ಗೊತ್ತಾ? ಪ್ರತಿ ಭಾನುವಾರ ಅವರು ಟ್ಯಾಂಕ್ ಪೂರ್ತಿ ಖಾಲಿ ಮಾಡುತ್ತಿದ್ದರು. ಮೀನುಗಳನ್ನು ಹಿಡಿದು ಬಕೆಟ್ಟಿಗೆ ಹಾಕುವುದು. ಕಲ್ಲನ್ನೆಲ್ಲ ಬಚ್ಚಲಲ್ಲಿ ಸುರಿದು ಅಕ್ಕಿ ತೊಳೆದ ಹಾಗೆ ಏಳು ನೀರಲ್ಲಿ ತೊಳೆಯುವುದು. ಫಿಲ್ಟರಿನ ಸ್ಪಾಂಜನ್ನು ನಲ್ಲಿ ಕೆಳಗೆ ಹಿಡಿದು ಕಂದು ನೀರು ಪೂರ್ತಿ ಹೋಗುವವರೆಗೆ ಹಿಂಡುವುದು. ಗಾಜು ಉಜ್ಜುವುದು. ಆಮೇಲೆ ನಲ್ಲಿ ನೀರು ತುಂಬಿ ಮೀನು ಬಿಡುವುದು. ಇಷ್ಟು ಶ್ರದ್ಧೆ ಇರುವ ಮನುಷ್ಯನಿಗೆ ತಪ್ಪು ಅಂತ ಹೇಳೋಕೆ ಬೇಜಾರಾಗುತ್ತದೆ. ಆದರೆ ಅವರು ವಾರವಾರವೂ ಬಚ್ಚಲಿಗೆ ಬಿಡುತ್ತಿದ್ದದ್ದು ಮೀನುಗಳನ್ನು ಕಾಯುವ ಪಡೆಯನ್ನೇ.

ಆ ಕಂದು ಲೋಳೆಯಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ. ಅದು ರಕ್ತದ ಹಿಮೋಗ್ಲೋಬಿನ್ ಕೆಡಿಸಿ, ಆಮ್ಲಜನಕ ಹೊರಲಾಗದ ಹಾಗೆ ಮಾಡುತ್ತದೆ. ಮೀನಿನ ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟು ಅಪಾಯ ಇಲ್ಲ. ಗಿಡ ಇದ್ದರೆ ಒಂದಿಷ್ಟು ಹೀರಿಕೊಳ್ಳುತ್ತದೆ, ಉಳಿದದ್ದು ನಾವು ನೀರು ಬದಲಿಸಿದಾಗ ಹೋಗುತ್ತದೆ. ಈ ಬ್ಯಾಕ್ಟೀರಿಯಾ ನೀರಲ್ಲಿ ತೇಲಿಕೊಂಡು ಇರುವುದು ಕಡಿಮೆ. ಸ್ಪಾಂಜಿಗೆ, ಕಲ್ಲಿಗೆ, ಗಾಜಿಗೆ ಅಂಟಿಕೊಂಡಿರುತ್ತವೆ. ನಾವು ಕೊಳಕು ಅಂತ ತೊಳೆಯೋದು ಅದನ್ನೇ.

ಹೊಸ ಟ್ಯಾಂಕಿನಲ್ಲಿ ಇವು ಬೇಕಾದಷ್ಟು ಬೆಳೆಯೋಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನಮ್ಮಲ್ಲಿ ನಡೆಯುವುದು ಏನು? ಶನಿವಾರ ಸಂಜೆ ಅಂಗಡಿಗೆ ಹೋಗುತ್ತೇವೆ. ಟ್ಯಾಂಕ್, ಪಂಪ್, ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಬಾಯಿ ತೆರೆದು ಗುಳ್ಳೆ ಬಿಡುವ ಕಪ್ಪೆಚಿಪ್ಪು, ಮತ್ತು ಒಂಬತ್ತು ಮೀನು. ಎಲ್ಲ ಒಂದೇ ಬಿಲ್ಲಿನಲ್ಲಿ. ರಾತ್ರಿ ಒಂಬತ್ತಕ್ಕೆ ಹಾಲಿನಲ್ಲಿ ಲೈಟ್ ಹೊತ್ತಿಸಿ ಫೋಟೊ, ಸ್ಟೇಟಸ್. ಹತ್ತನೇ ದಿನದಿಂದ ಒಂದೊಂದೇ ತೇಲೋಕೆ ಶುರು. ಅಂಗಡಿಯವರ ಮೇಲೆ ಪೂರ್ತಿ ತಪ್ಪು ಹೊರಿಸಲ್ಲ ನಾನು. "ಇವತ್ತು ಟ್ಯಾಂಕ್ ಒಯ್ಯಿರಿ, ಮೀನಿಗೆ ಮುಂದಿನ ತಿಂಗಳು ಬನ್ನಿ" ಅಂದರೆ ನಾವು ಪಕ್ಕದ ಅಂಗಡಿಗೆ ಹೋಗುತ್ತೇವೆ. ಆದರೂ ಹಾಗೆ ಹೇಳುವ ಅಂಗಡಿ ಸಿಕ್ಕರೆ ಬಿಡಬೇಡಿ, ಎಲ್ಲ ಮೀನನ್ನೂ ಅಲ್ಲೇ ಕೊಳ್ಳಿ.

ಇದಕ್ಕೊಂದು ಸುಲಭದ ದಾರಿ ಇದೆ. ಹಾಲಿಗೆ ಹೆಪ್ಪು ಹಾಕುವುದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲೂ ಅದೇ. ಗೆಳೆಯರ ಮನೆಯಲ್ಲಿ ವರ್ಷದಿಂದ ನಡೆಯುತ್ತಿರುವ ಆರೋಗ್ಯದ ಟ್ಯಾಂಕ್ ಇದ್ದರೆ ಅದರ ಫಿಲ್ಟರಿನ ಕೊಳಕು ಸ್ಪಾಂಜಿನ ಒಂದು ತುಂಡು ಕೇಳಿ ತನ್ನಿ. ಒಣಗಲು ಬಿಡದೆ, ಆ ಟ್ಯಾಂಕಿನ ನೀರಲ್ಲೇ ಮುಳುಗಿಸಿ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ಆರು ವಾರದ ಕೆಲಸ ಬಹಳ ಬೇಗ ಮುಗಿಯುತ್ತದೆ. ಯಾರೂ ಸಿಗಲಿಲ್ಲವಾ? ಖಾಲಿ ಟ್ಯಾಂಕಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಕಾಯಿರಿ. ಅದು ಕೊಳೆತು ಅಮೋನಿಯಾ ಆಗುತ್ತದೆ, ಅದನ್ನು ತಿನ್ನೋಕೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಟೆಸ್ಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಏರಿ, ಮತ್ತೆ ಸೊನ್ನೆಗೆ ಇಳಿದ ಮೇಲೆ ಮೀನು ತನ್ನಿ. ಮನೆಯವರು "ಖಾಲಿ ನೀರಿಗೆ ಊಟ ಹಾಕ್ತಾನೆ" ಅಂತ ನಗುತ್ತಾರೆ. ನಗಲಿ ಬಿಡಿ.

ಆಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಸಾಕು. ಸ್ಪಾಂಜ್ ತೊಳೆಯಬೇಕಾದರೆ ಟ್ಯಾಂಕಿನಿಂದ ತೆಗೆದ ಅದೇ ನೀರಿನ ಬಕೆಟ್ಟಿನಲ್ಲಿ ಎರಡು ಸಲ ಅದ್ದಿ ಹಿಂಡಿ. ನಲ್ಲಿ ಹತ್ತಿರ ಒಯ್ಯಬೇಡಿ. ಸೋಪಿನ ಮಾತಂತೂ ಬೇಡವೇ ಬೇಡ. ಆ ಬಕೆಟ್ ಬಟ್ಟೆ ಒಗೆಯೋ ಬಕೆಟ್ ಆಗಿರಬಾರದು, ಇದೊಂದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಡಿ.

ನೀರಿನ ವಿಷಯಕ್ಕೆ ಬಂದೆವಲ್ಲ, ಬೆಂಗಳೂರಿನವರು ಸ್ವಲ್ಪ ಗಮನ ಕೊಡಿ. ನಿಮ್ಮ ನಲ್ಲಿಯಲ್ಲಿ ಬರುವುದು ಕಾವೇರಿಯಾ, ಬೋರ್‌ವೆಲ್ಲಾ, ಟ್ಯಾಂಕರಾ? ಒಂದೇ ಅಪಾರ್ಟ್‌ಮೆಂಟಿನಲ್ಲಿ ಸೋಮವಾರ ಒಂದು, ಗುರುವಾರ ಇನ್ನೊಂದು ಬರುತ್ತದೆ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಬರುತ್ತದೆ, ಅದಕ್ಕೆ ಕ್ಲೋರಿನ್ ಹಾಕಿರುತ್ತಾರೆ. ನಮಗೆ ಅದು ಬೇಕು. ಆದರೆ ಅದು ಮೀನಿನ ಕಿವಿರಿಗೂ ಕೆಟ್ಟದ್ದು, ಆ ಬ್ಯಾಕ್ಟೀರಿಯಾಗಳಿಗೂ ಕೆಟ್ಟದ್ದು. ಅಂಗಡಿಯಲ್ಲಿ ಆಂಟಿ-ಕ್ಲೋರಿನ್ ಅಂತ ಸಿಗುತ್ತದೆ, ಅದರಲ್ಲಿರುವುದು ಸಾಮಾನ್ಯವಾಗಿ ಸೋಡಿಯಂ ಥಯೋಸಲ್ಫೇಟ್. ಬಾಟಲಿ ಮೇಲೆ ಹೇಳಿದಷ್ಟು ಹನಿ ಹಾಕಿದರೆ ಕ್ಲೋರಿನ್ ಕೂಡಲೇ ಹೋಗುತ್ತದೆ. ಅದಿಲ್ಲದಿದ್ದರೆ ಬಾಯಿ ಅಗಲದ ಪಾತ್ರೆಯಲ್ಲಿ ಒಂದು ದಿನ ನೀರು ತೆರೆದಿಡಿ, ಏರ್ ಪಂಪ್ ಹಾಕಿದರೆ ಇನ್ನೂ ಒಳ್ಳೆಯದು.

ಬೋರ್‌ವೆಲ್ ನೀರಿನ ಕಥೆ ಬೇರೆ. ಗೀಸರಿನಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಗಡಸು. ಆ ನೀರಲ್ಲಿ ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, ಜಾಸ್ತಿ ಇರುವುದು ಮಾಮೂಲು. ಪಿಎಚ್ 7ರಿಂದ 8ಕ್ಕೆ ಏರಿದರೆ ಅಷ್ಟೇ ಅಮೋನಿಯಾದಲ್ಲಿ ವಿಷದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಅದಕ್ಕೇ ಒಬ್ಬರ ಮನೆಯಲ್ಲಿ ನಡೆದ ಲೆಕ್ಕ ಇನ್ನೊಬ್ಬರ ಮನೆಯಲ್ಲಿ ನಡೆಯುವುದಿಲ್ಲ. ಇದನ್ನು ಕೇಳಿದ ಕೂಡಲೇ ಕೆಲವರು ಆರ್‌ಒ ನೀರು ತುಂಬುತ್ತಾರೆ. ಬರೀ ಆರ್‌ಒ ನೀರಲ್ಲಿ ಮೀನಿಗೆ ಬೇಕಾದ ಲವಣವೇ ಇರುವುದಿಲ್ಲ, ಪಿಎಚ್ ಯಾವಾಗ ಬೇಕಾದರೂ ಕುಸಿಯುತ್ತದೆ. ನನ್ನ ಸಲಹೆ ಕೇಳಿದರೆ, ನೀರಿನ ಜೊತೆ ಜಗಳಕ್ಕೆ ನಿಲ್ಲಬೇಡಿ. ಇರುವ ನೀರಿಗೆ ಒಗ್ಗುವ ಮೀನು ತನ್ನಿ. ಗಪ್ಪಿ, ಮೋಲಿ, ಗೋಲ್ಡ್‌ಫಿಶ್ ಗಡಸು ನೀರಲ್ಲಿ ಆರಾಮಾಗಿರುತ್ತವೆ. ಡಿಸ್ಕಸ್, ನಿಯಾನ್ ಟೆಟ್ರಾ ಅಮೆಜಾನಿನ ಮೆದು ನೀರಿನವು. ಚೆಂದ ಇವೆ, ಆದರೆ ಬೋರ್‌ವೆಲ್ ಮನೆಗೆ ಬೇಡ.

ಹವೆಯೂ ಹಾಗೇ. ಬೆಟ್ಟಾ ಮೀನಿಗೆ 25ರಿಂದ 28 ಡಿಗ್ರಿ ಬೇಕು. ಮಂಗಳೂರಿನಲ್ಲಿ ಹೀಟರ್ ಇಲ್ಲದೆ ಬದುಕುತ್ತದೆ. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಲ್ಲಿ ಮೂಲೆ ಹಿಡಿದು ಕೂರುತ್ತದೆ. ಗೋಲ್ಡ್‌ಫಿಶ್ ಇದಕ್ಕೆ ತದ್ವಿರುದ್ಧ, ತಂಪು ಇಷ್ಟ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್‌ನಲ್ಲಿ ಅದಕ್ಕೆ ಕಷ್ಟ. 25 ಡಿಗ್ರಿ ನೀರಲ್ಲಿ ಲೀಟರಿಗೆ 8 ಮಿಲಿಗ್ರಾಂ ಮೇಲೆ ಆಮ್ಲಜನಕ ಕರಗಿರಬಹುದು, 30 ಡಿಗ್ರಿಯಲ್ಲಿ ಏಳೂವರೆ. ಮೊದಲೇ ಮೀನು ತುಂಬಿದ ಟ್ಯಾಂಕಿನಲ್ಲಿ ಈ ಕೊರತೆ ಗೊತ್ತಾಗುತ್ತದೆ. ಮೀನುಗಳೆಲ್ಲ ಮೇಲೆ ಬಂದು ಬಾಯಿ ಪಚಪಚ ಮಾಡುತ್ತಿದ್ದರೆ ಅವಕ್ಕೆ ಹಸಿವಲ್ಲ, ಉಸಿರು ಕಟ್ಟಿದೆ. ಅದನ್ನು ನೋಡಿ ಇನ್ನೊಂದು ಚಿಟಿಕೆ ಆಹಾರ ಹಾಕುವವರು ಎಷ್ಟು ಮಂದಿ ಬೇಕು ನಿಮಗೆ!

ಆಹಾರದ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ನಮ್ಮದು ಬಂದವರಿಗೆಲ್ಲ ಊಟ ಹಾಕುವ ಸಂಸ್ಕೃತಿ, ಒಳ್ಳೆಯದೇ. ಆದರೆ ಬೆಳಗ್ಗೆ ಅಪ್ಪ ಹಾಕುತ್ತಾರೆ, ಸ್ಕೂಲಿಂದ ಬಂದು ಮಗಳು ಹಾಕುತ್ತಾಳೆ, ನೆಂಟರ ಮಗು "ನಾನೂ ನಾನೂ" ಅಂತ ಡಬ್ಬಿಯ ಮುಚ್ಚಳ ತೆಗೆಯುತ್ತದೆ, ಟಿವಿ ನೋಡುತ್ತಾ ಅಜ್ಜ ಸುಮ್ನೆ ಒಂದು ಚಿಟಿಕೆ. ಗೋಲ್ಡ್‌ಫಿಶ್‌ಗೆ ಹೊಟ್ಟೆಚೀಲವೇ ಇಲ್ಲ, ತಿಂದದ್ದು ನೇರ ಕರುಳಿಗೆ. ಎಷ್ಟು ಹಾಕಿದರೂ ಇನ್ನೂ ಬೇಕು ಅನ್ನುವ ಮುಖ ಮಾಡುತ್ತದೆ. ಆ ಮುಖ ನಂಬಬೇಡಿ. ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಿ. ಡಬ್ಬಿ ಎತ್ತರದ ಶೆಲ್ಫಿನಲ್ಲಿರಲಿ. ವಾರದಲ್ಲಿ ಒಂದು ದಿನ ಉಪವಾಸ ಇಡಿ, ಏಕಾದಶಿ ಅಂದುಕೊಳ್ಳಲಿ. ಎರಡು ದಿನ ಊರಿಗೆ ಹೋಗುತ್ತೀರಾ? ಏನೂ ಹಾಕದೆ ಹೋಗಿ. ಪಕ್ಕದ ಮನೆಯವರಿಗೆ ಡಬ್ಬಿ ಕೊಟ್ಟು ಹೋಗುವುದಕ್ಕಿಂತ ಇದು ಸೇಫ್.

ಇನ್ನು ಕಾಯಿಲೆ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜ್ ಇದೆ, ದೇಶದಲ್ಲೇ ಮೊದಲನೆಯದು. ಆದರೆ ನಮ್ಮ ಬೀದಿಯ ಪಶುವೈದ್ಯರ ಹತ್ತಿರ ಕವರಿನಲ್ಲಿ ಒಂದು ಗೋಲ್ಡ್‌ಫಿಶ್ ಹಿಡಿದುಕೊಂಡು ಹೋಗಿ ನೋಡಿ, ಅವರ ಮುಖ ನೋಡೋ ಹಾಗಿರುತ್ತದೆ. ಹಾಗಾಗಿ ಅಂಗಡಿಯವನೇ ಡಾಕ್ಟರ್. ಅವನ ಹತ್ತಿರ ಒಂದೇ ಔಷಧಿ, ನೀಲಿ ಹನಿ. ಅದು ಮೀಥೈಲೀನ್ ಬ್ಲೂ. ಕೆಲವು ಫಂಗಸ್‌ಗೆ ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಏನೂ ಕಾಯಿಲೆ ಇಲ್ಲದೆ ವಾರವಾರ "ಮುನ್ನೆಚ್ಚರಿಕೆಗೆ" ಅಂತ ಹಾಕಿದರೆ ಫಿಲ್ಟರಿನ ಬ್ಯಾಕ್ಟೀರಿಯಾ ಸಾಯುತ್ತವೆ, ಗಿಡಗಳೂ ಹಾಳಾಗುತ್ತವೆ. ಮತ್ತೆ ಅಮೋನಿಯಾ. ಔಷಧಿ ಹಾಕಬೇಕಾದರೆ ಕಾಯಿಲೆ ಮೀನನ್ನು ಬೇರೆ ಡಬ್ಬಕ್ಕೆ ಹಾಕಿ, ಅಲ್ಲಿ ಹಾಕಿ.

ಬಿಳಿ ಚುಕ್ಕೆ ರೋಗ ಮಾತ್ರ ಇದಕ್ಕೆ ಹೊರತು. ಮೈಮೇಲೆ ಉಪ್ಪು ಚಿಮುಕಿಸಿದ ಹಾಗೆ ಕಾಣುತ್ತದಲ್ಲ, ಅದು. ಇಲ್ಲಿ ಇಡೀ ಟ್ಯಾಂಕಿಗೇ ಚಿಕಿತ್ಸೆ ಬೇಕು. ಯಾಕಂದ್ರೆ ಆ ಪರೋಪಜೀವಿ ಸ್ವಲ್ಪ ದಿನ ಮೀನಿನ ಚರ್ಮದೊಳಗೆ ಇದ್ದು, ಆಮೇಲೆ ಉದುರಿ ತಳದ ಕಲ್ಲಿನಲ್ಲಿ ಕೂತು ನೂರಾರು ಮರಿ ಮಾಡುತ್ತದೆ. ಆ ಮರಿಗಳು ಈಜಿಕೊಂಡು ಮತ್ತೆ ಮೀನನ್ನು ಹುಡುಕುತ್ತವೆ. ಔಷಧಿ ತಾಗುವುದು ಈಜುವ ಮರಿಗೆ ಮಾತ್ರ. ಮೂರನೇ ದಿನ ಚುಕ್ಕೆ ಮಾಯ ಆಯ್ತು ಅಂತ ಜನ ಔಷಧಿ ನಿಲ್ಲಿಸುತ್ತಾರೆ. ವಾರ ಕಳೆದು ಅದು ಎರಡರಷ್ಟಾಗಿ ವಾಪಸ್ ಬರುತ್ತದೆ. ಚುಕ್ಕೆ ಹೋದ ಮೇಲೂ ಕೆಲವು ದಿನ ಮುಂದುವರಿಸಿ. ಮತ್ತು ಹೊಸ ಮೀನು ತಂದ ದಿನವೇ ಟ್ಯಾಂಕಿಗೆ ಬಿಡದೆ ಎರಡು ಮೂರು ವಾರ ಬೇರೆ ಇಡಿ. ಅಂಗಡಿಯಿಂದ ತಂದ ಕವರಿನ ನೀರನ್ನಂತೂ ಟ್ಯಾಂಕಿಗೆ ಸುರಿಯಬೇಡಿ. ಅದರಲ್ಲಿ ದಾರಿಯುದ್ದದ ಅಮೋನಿಯಾ ಸೇರಿರುತ್ತದೆ.

ಕೊನೆಯದಾಗಿ ಸಕ್ಕರ್ ಫಿಶ್. "ಇದನ್ನ ಬಿಡಿ ಸಾರ್, ಟ್ಯಾಂಕ್ ತಾನೇ ಕ್ಲೀನ್ ಮಾಡುತ್ತೆ" ಅಂತ ಕೊಡುತ್ತಾರೆ. ಅದೂ ತಿನ್ನುತ್ತದೆ, ಅದೂ ಹಿಕ್ಕೆ ಹಾಕುತ್ತದೆ, ಸ್ವಲ್ಪ ಜಾಸ್ತಿಯೇ ಹಾಕುತ್ತದೆ. ದಕ್ಷಿಣ ಅಮೆರಿಕದ ಈ ಮೀನು ಒಂದೂವರೆ ಅಡಿವರೆಗೆ ಬೆಳೆಯುತ್ತದೆ. ಟ್ಯಾಂಕ್ ಸಾಲದಾದಾಗ ಜನ ಪುಣ್ಯ ಬರಲಿ ಅಂತ ಕೆರೆಗೆ ಬಿಡುತ್ತಾರೆ. ಕೋಲ್ಕತ್ತದ ಪೂರ್ವದ ಕೆರೆಗಳಲ್ಲಿ, ಕೇರಳ, ತಮಿಳುನಾಡು, ಆಂಧ್ರದ ನೀರಲ್ಲೆಲ್ಲ ಅದು ಈಗ ಬೀಡುಬಿಟ್ಟಿದೆ. ದಡದಲ್ಲಿ ಬಿಲ ತೋಡುತ್ತದೆ, ಮೀನುಗಾರರ ಬಲೆ ಹರಿಯುತ್ತದೆ. ಅವರ ಕಂಟಕ ಯಾರು ಹೊರುತ್ತಾರೋ. ಸಾಕೋಕೆ ಆಗದಿದ್ದರೆ ಅಂಗಡಿಗೇ ವಾಪಸ್ ಕೊಡಿ, ಇಲ್ಲ ದೊಡ್ಡ ಟ್ಯಾಂಕ್ ಇರುವವರಿಗೆ ಕೊಡಿ. ಯಾವ ಸಾಕುಮೀನನ್ನೂ ಕೆರೆಗೆ ಬಿಡಬೇಡಿ.

ಈಗ ಈ ವಿಡಿಯೋ ನೋಡುತ್ತಿರುವಾಗಲೇ ನಿಮ್ಮ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ, ಮೂರನೇ ಒಂದು ಭಾಗ ನೀರು ತೆಗೆದು, ಆಂಟಿ-ಕ್ಲೋರಿನ್ ಹಾಕಿದ, ಅಷ್ಟೇ ಬೆಚ್ಚಗಿರುವ ಹೊಸ ನೀರು ನಿಧಾನವಾಗಿ ಸೇರಿಸಿ. ಏರ್ ಪಂಪ್ ಆನ್ ಮಾಡಿ. ಎರಡು ದಿನ ಆಹಾರ ಬಂದ್. ನಾಳೆಯೂ ನೀರು ಬದಲಿಸಿ. ಆಮೇಲೂ ಸರಿಹೋಗದಿದ್ದರೆ ಕಾಮೆಂಟಿನಲ್ಲಿ ಕೇಳಿ, ಆದರೆ "ಮೀನು ಸಾಯ್ತಿದೆ ಅಣ್ಣಾ, ಏನ್ ಮಾಡ್ಲಿ" ಅಂತ ಮಾತ್ರ ಬರೆದರೆ ನನಗೂ ಏನೂ ಹೇಳೋಕೆ ಆಗಲ್ಲ. ಟ್ಯಾಂಕಿನ ಅಳತೆ, ಒಳಗೆ ಎಷ್ಟು ಮೀನು, ಯಾವ ನೀರು, ಸ್ಪಾಂಜ್ ಕೊನೆಯ ಸಲ ಎಲ್ಲಿ ತೊಳೆದಿರಿ, ಇಷ್ಟು ಬರೆಯಿರಿ. ಟ್ಯಾಂಕ್ ಯಾವ ದಿಕ್ಕಿನಲ್ಲಿದೆ ಅಂತ ಬರೆಯೋದು ಬೇಡ.